ಮೈಸೂರಿನ ವೇಗದ ಬೈಕುಗಳು: ಕೊಳ್ಳುವ ಮುನ್ನಿನ ಹೋಲಿಕೆ

ವೇಗದ ವಾಹನ ಕೊಳ್ಳುವ ಮುನ್ನ ಎರಡು ಮೂರು ಮಾದರಿಗಳನ್ನು ಪಕ್ಕಪಕ್ಕ ನಿಲ್ಲಿಸಿ ಅಳೆದು ತೂಗುವ ಚಟ ಬೇರೆ ದೇಶಗಳಲ್ಲಿ ಸ್ಪೋರ್ಟ್ಸ್ ಕಾರುಗಳ ಸುತ್ತ ಬೆಳೆಯಿತು. ಮೈಸೂರಿನಲ್ಲಿ ಅದು ಬೆಳೆದದ್ದು ಎರಡು ಚಕ್ರದ ಮೇಲೆ. 1980ರ ದಶಕದಲ್ಲಿ ಊರಿನ ರಸ್ತೆಗಳಲ್ಲಿದ್ದ ಕಾರುಗಳೆಂದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಆಮೇಲೆ ಬಂದ ಮಾರುತಿ 800. ಸುಮಾರು 40 ಅಶ್ವಶಕ್ತಿಯ ಪದ್ಮಿನಿಯಲ್ಲಿ ವೇಗದ ಮಾತೇ ಬರುತ್ತಿರಲಿಲ್ಲ. ಬೆಂಗಳೂರಿನ ಸಿಪಾನಿ ಸಂಸ್ಥೆ 1982ರಲ್ಲಿ ತಂದ ಡಾಲ್ಫಿನ್ ಫೈಬರ್ ಮೈಯ ಹಗುರ ಕಾರಾಗಿದ್ದರಿಂದ ರ್‍ಯಾಲಿಗಳಲ್ಲಿ ಹೆಸರು ಮಾಡಿತು. ಆದರೆ ಎರಡೇ ಬಾಗಿಲಿನ ಆ ಪುಟ್ಟ ಗಾಡಿಯನ್ನು ಮನೆಮಂದಿ ಒಪ್ಪಲಿಲ್ಲ. 1990ರ ದಶಕದ ಕೊನೆಗೆ ಬಂದ ಸ್ಯಾನ್ ಸ್ಟಾರ್ಮ್ ನೋಡಲು ಸ್ಪೋರ್ಟ್ಸ್ ಕಾರು, ಓಟದಲ್ಲಿ ಸಾಧಾರಣ. ವೇಗ ಬೇಕೆಂದವರಿಗೆ ಕೈಗೆಟಕುತ್ತಿದ್ದದ್ದು ಬೈಕು ಒಂದೇ. ಅದರಲ್ಲೂ ಒಂದು ಬೈಕು ಮೈಸೂರಿನ ಯಾದವಗಿರಿ ಬಡಾವಣೆಯಲ್ಲೇ ತಯಾರಾಗುತ್ತಿತ್ತು.

ಈ ಲೇಖನ ಆ ಕಾಲದಲ್ಲಿ ಮೈಸೂರಿಗರು ಒಂದಕ್ಕೊಂದು ಹೋಲಿಸಿ ನೋಡುತ್ತಿದ್ದ ಬೈಕುಗಳನ್ನು, ಅಂದರೆ ಜಾವಾ, ಯೆಜ್ಡಿ ರೋಡ್‌ಕಿಂಗ್, ರಾಜ್‌ದೂತ್ 350, ಬುಲೆಟ್ ಮತ್ತು ಆರ್‌ಎಕ್ಸ್ 100 ಗಳನ್ನು ಕುರಿತದ್ದು. ಇವುಗಳಲ್ಲಿ ಒಂದನ್ನು ಇಂದು ಹಳೆಯ ಗಾಡಿಯಾಗಿ ಕೊಳ್ಳಬಯಸುವವರು ಏನನ್ನು ನೋಡಬೇಕು ಎಂಬುದನ್ನೂ ಹೇಳುತ್ತದೆ.

ಯಾದವಗಿರಿಯ ಕಾರ್ಖಾನೆ

ಜಾವಾ ಮೂಲತಃ ಚೆಕ್ ದೇಶದ ಬೈಕು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡ. ತನ್ನ ಹೆಸರಿನ ಮೊದಲ ಎರಡಕ್ಷರಕ್ಕೆ ವಾಂಡರರ್‌ನ ಮೊದಲ ಎರಡಕ್ಷರ ಸೇರಿಸಿ ಈ ಹೆಸರು ಕಟ್ಟಿದ. ಮುಂಬಯಿಯ ಇರಾನಿ ಕುಟುಂಬ ಈ ಬೈಕುಗಳನ್ನು ತರಿಸಿ ಮಾರುತ್ತಿತ್ತು. 1950ರ ದಶಕದಲ್ಲಿ ಆಮದಿನ ಮೇಲೆ ಸರಕಾರದ ಬಿಗಿ ಹೆಚ್ಚಿದಾಗ, ಇಲ್ಲಿಯೇ ತಯಾರಿಸುವುದೊಂದೇ ದಾರಿಯಾಯಿತು. ರುಸ್ತಂ ಇರಾನಿ ಅವರ ನೇತೃತ್ವದಲ್ಲಿ 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆ ಹುಟ್ಟಿತು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯನ್ನು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು.

ಮೊದಲ ಗಾಡಿ ಜಾವಾ 250. ಒಂದೇ ಸಿಲಿಂಡರ್, 248.5 ಸಿ.ಸಿ., ಟೂ ಸ್ಟ್ರೋಕ್, ಸುಮಾರು 12 ಅಶ್ವಶಕ್ತಿ. ಎರಡು ಕಡೆಗೂ ಸೈಲೆನ್ಸರ್ ಇರುವುದನ್ನು ಕಂಡು ಇದು ಎರಡು ಸಿಲಿಂಡರಿನದು ಎಂದು ಇಂದಿಗೂ ಹಲವರು ತಿಳಿದಿದ್ದಾರೆ. ಹೊಗೆ ಹೊರಹೋಗುವ ದ್ವಾರಗಳು ಎರಡು, ಅಷ್ಟೇ. ಕಿಕ್ ಮತ್ತು ಗೇರಿಗೆ ಎಡಗಡೆ ಒಂದೇ ಸನ್ನೆ: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಜಾವಾ ಕಳ್ಳತನವಾಗುವುದು ಕಡಿಮೆ, ಕಳ್ಳನಿಗೆ ಕಿಕ್ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ ಎಂಬ ತಮಾಷೆ ಹುಟ್ಟಿದ್ದು ಇದರಿಂದಲೇ. ಗೇರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುವ ಏರ್ಪಾಡೂ ಇದರಲ್ಲಿತ್ತು. ಕ್ಲಚ್ ವೈರ್ ತುಂಡಾದರೂ ಮನೆ ಸೇರಬಹುದಿತ್ತು.

ಚೆಕ್ ಸಂಸ್ಥೆಯೊಡನೆ ಒಪ್ಪಂದ ಮುಗಿದ ಮೇಲೆ, 1970ರ ದಶಕದ ಮೊದಲ ಭಾಗದಲ್ಲಿ, ಇದೇ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬರತೊಡಗಿದವು. ಇರಾನಿಗಳ ಪೂರ್ವಿಕರ ನಾಡಿನ ಯಜ್ದ್ ಎಂಬ ಊರು ಈ ಹೆಸರಿನಲ್ಲಿದೆ. ಚೆಕ್ ಭಾಷೆಯಲ್ಲಿ ಸವಾರಿ ಹೋಗುವುದಕ್ಕೆ ಬಳಸುವ ಮಾತಿಗೂ ಇದರ ಉಚ್ಚಾರ ಹತ್ತಿರ. ಕ್ಲಾಸಿಕ್, ಡಿಲಕ್ಸ್, ಆಯಿಲ್‌ಕಿಂಗ್, ಮೊನಾರ್ಕ್, 175 ಹೀಗೆ ಹಲವು ಮಾದರಿಗಳು ಬಂದವು. ಎರಡು ಸಿಲಿಂಡರಿನ 350 ಕೂಡ ಅಲ್ಪಸಂಖ್ಯೆಯಲ್ಲಿ ತಯಾರಾಯಿತು. ವೇಗದ ಚರ್ಚೆಯಲ್ಲಿ ಮುಖ್ಯವಾದದ್ದು 1978ರಲ್ಲಿ ಬಂದ ರೋಡ್‌ಕಿಂಗ್. ಅಳತೆ ಅದೇ 248.5 ಸಿ.ಸಿ. ಆದರೂ ಶಕ್ತಿ 16 ಅಶ್ವಶಕ್ತಿಗೆ ಏರಿತ್ತು. ಮಣ್ಣಿನ ಓಟದಲ್ಲಿ ಪಳಗಿದ ಚೆಕ್ ಬೈಕುಗಳ ಛಾಯೆ ಅದರ ಮೈಕಟ್ಟಿನಲ್ಲಿ ಕಾಣುತ್ತದೆ. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅದು ತಯಾರಾಗುತ್ತಿತ್ತು.

ಎದುರಾಳಿಗಳು

ರೋಡ್‌ಕಿಂಗ್‌ಗೆ ನಿಜವಾದ ಸವಾಲು ಬಂದದ್ದು 1983ರಲ್ಲಿ. ಎಸ್ಕಾರ್ಟ್ಸ್ ಸಂಸ್ಥೆ ಜಪಾನಿನ ಯಮಹಾ ಆರ್‌ಡಿ 350 ಯನ್ನು ಫರೀದಾಬಾದಿನಲ್ಲಿ ತಯಾರಿಸಿ ರಾಜ್‌ದೂತ್ 350 ಎಂದು ಮಾರಾಟಕ್ಕಿಟ್ಟಿತು. 347 ಸಿ.ಸಿ., ಎರಡು ಸಿಲಿಂಡರ್, ಆರು ಗೇರ್. ಜಪಾನಿನಲ್ಲಿ 39 ಅಶ್ವಶಕ್ತಿಯಿದ್ದ ಎಂಜಿನನ್ನು ಇಲ್ಲಿನ ಪೆಟ್ರೋಲಿಗೂ ಜೇಬಿಗೂ ಹೊಂದಿಸಲು ಇಳಿಸಲಾಗಿತ್ತು. ಮೊದಲು ಬಂದ ಹೈ ಟಾರ್ಕ್ ಮಾದರಿಯಲ್ಲಿ 30.5, ನಂತರದ ಲೋ ಟಾರ್ಕ್‌ನಲ್ಲಿ 27. ಇಳಿಸಿದ ಮೇಲೂ ದೇಶದ ರಸ್ತೆಗಳಲ್ಲಿ ಅದರ ಸಮಕ್ಕೆ ಬರುವ ಬೈಕು ಇರಲಿಲ್ಲ. ಕಡಿಮೆ ಮಾಡಬಾರದಿದ್ದ ಒಂದನ್ನೂ ಕಡಿಮೆ ಮಾಡಿದ್ದರು. ಜಪಾನಿನ ಗಾಡಿಯ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು, ಇಲ್ಲಿ ಡ್ರಮ್ ಕೊಟ್ಟರು.

ಬುಲೆಟ್ 350 ಈ ಸಾಲಿನಲ್ಲಿ ಬೇರೆ ಜಾತಿ. ಮದ್ರಾಸಿನ ಈ ಫೋರ್ ಸ್ಟ್ರೋಕ್ ಗಾಡಿಗೆ 346 ಸಿ.ಸಿ., 18 ಅಶ್ವಶಕ್ತಿ. ವೇಗಕ್ಕಾಗಿ ಇದನ್ನು ಕೊಂಡವರು ಕಡಿಮೆ, ಗಾಂಭೀರ್ಯಕ್ಕಾಗಿ ಕೊಂಡವರೇ ಹೆಚ್ಚು. ಇನ್ನೊಂದು ತುದಿಯಲ್ಲಿ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100: 98 ಸಿ.ಸಿ., 11 ಅಶ್ವಶಕ್ತಿ, ತೂಕ ನೂರು ಕಿಲೋದ ಆಸುಪಾಸು. ಅದೇ ವರ್ಷ ಬಂದ ಹೀರೋ ಹೋಂಡಾ ಸಿಡಿ 100 ವೇಗದ ಪಂದ್ಯದಲ್ಲಿ ಇರಲೇ ಇಲ್ಲ. ಆದರೆ ಕೊನೆಗೆ ಯಾದವಗಿರಿಯ ಮಾರುಕಟ್ಟೆಯನ್ನು ತಿಂದುಹಾಕಿದ್ದು ಅದು ಮತ್ತು ಅದರ ಸೋದರರೇ, ಮೈಲೇಜ್ ಎಂಬ ಒಂದೇ ಅಸ್ತ್ರದಿಂದ.

ಕಾಗದದ ಮೇಲಿನ ಅಂಕಿ

ಮೈಸೂರಿನ ಹುಡುಗರ ವಾದದಲ್ಲಿ ಮೂರು ಮಾತು ಸದಾ ಇರುತ್ತಿದ್ದವು: ಪಿಕಪ್, ಟಾಪ್ ಸ್ಪೀಡ್, ಮೈಲೇಜ್. ಟಾಪ್ ಸ್ಪೀಡ್ ವಾದಕ್ಕೆ ಒಳ್ಳೆಯದು, ಬದುಕಿಗೆ ಉಪಯೋಗ ಕಡಿಮೆ. ರೋಡ್‌ಕಿಂಗ್ ಗಂಟೆಗೆ 120 ಕಿ.ಮೀ. ಆಸುಪಾಸು, ಆರ್‌ಡಿ, ಅಂದರೆ ರಾಜ್‌ದೂತ್ 350, ಗಂಟೆಗೆ 150ರ ಹತ್ತಿರ ಹೋಗುತ್ತಿತ್ತು. ಆಗಿನ ಮೈಸೂರು–ಬೆಂಗಳೂರು ರಸ್ತೆಯಲ್ಲಿ ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸ ತೋರಿಸಲು ಮಂಡ್ಯದ ಎತ್ತಿನ ಗಾಡಿಗಳೂ ಕಬ್ಬಿನ ಲಾರಿಗಳೂ ಬಿಡುತ್ತಿರಲಿಲ್ಲ.

ಪಿಕಪ್ ಮಾತ್ರ ಲೆಕ್ಕ ಹಾಕಿ ನೋಡುವಂಥದ್ದು. ಅದಕ್ಕೆ ಶಕ್ತಿಯನ್ನು ತೂಕದಿಂದ ಭಾಗಿಸಬೇಕು. ರೋಡ್‌ಕಿಂಗ್‌ನ ತೂಕ ಸುಮಾರು 140 ಕಿಲೋ. ಅಂದರೆ ನೂರು ಕಿಲೋಗೆ ಹನ್ನೊಂದೂವರೆ ಅಶ್ವಶಕ್ತಿ. ಆರ್‌ಎಕ್ಸ್ 100 ಗೂ ಹನ್ನೊಂದರ ಹತ್ತಿರವೇ. 160 ಕಿಲೋ ಮೀರಿದ ಬುಲೆಟ್ಟಿನದೂ ಹೆಚ್ಚು ಕಡಿಮೆ ಅಷ್ಟೇ. ಆರ್‌ಡಿ ಮಾತ್ರ ಇಪ್ಪತ್ತರ ಸಮೀಪ. ಉಳಿದ ಮೂರು ಒಂದೇ ತಕ್ಕಡಿಯಲ್ಲಿ ಕೂತರೆ, ಇದು ಒಂದೇ ಬೇರೆ ತಕ್ಕಡಿ.

ಆದರೆ ಗಾಡಿ ಒಂಟಿಯಾಗಿ ಓಡುವುದಿಲ್ಲ, ಮೇಲೆ ಆಳಿರುತ್ತಾನೆ. ಎಪ್ಪತ್ತು ಕಿಲೋದ ಸವಾರ ಕೂತು, ಹಿಂದೆ ಅಷ್ಟೇ ತೂಕದ ಸ್ನೇಹಿತನನ್ನು ಕೂರಿಸಿಕೊಂಡರೆ ಲೆಕ್ಕ ಬದಲಾಗುತ್ತದೆ. ಆಗ ರೋಡ್‌ಕಿಂಗ್‌ನದು ನೂರು ಕಿಲೋಗೆ 5.7, ಆರ್‌ಎಕ್ಸ್‌ನದು 4.6. ಒಬ್ಬೊಬ್ಬರೇ ಹೊರಟಾಗ ಸಿಗ್ನಲ್ಲಿನಿಂದ ಜಿಗಿದು ಮುಂದೆ ಹೋದ ಆರ್‌ಎಕ್ಸ್, ಇಬ್ಬರು ಕೂತು ಚಾಮುಂಡಿ ಬೆಟ್ಟ ಹತ್ತುವಾಗ ರೋಡ್‌ಕಿಂಗ್‌ನ ಹಿಂದೆ ಉಳಿಯುತ್ತಿದ್ದುದರ ಗುಟ್ಟು ಇದು. ತಿರುಚುಬಲದ ವ್ಯತ್ಯಾಸವೂ ಇದಕ್ಕೆ ಸೇರುತ್ತದೆ. ರೋಡ್‌ಕಿಂಗ್‌ನ ಟಾರ್ಕ್ 24 ನ್ಯೂಟನ್ ಮೀಟರ್, ಆರ್‌ಎಕ್ಸ್‌ನದು ಸುಮಾರು 10. ಅದೂ ರೋಡ್‌ಕಿಂಗ್‌ನದು ಎಂಜಿನ್ ನಿಧಾನವಾಗಿ ಸುತ್ತುತ್ತಿರುವಾಗಲೇ ಸಿಗುತ್ತದೆ, ಆರ್‌ಎಕ್ಸ್‌ನದಕ್ಕೆ ಎಂಜಿನ್ ಕಿರುಚಬೇಕು.

ಎತ್ತರದ ಲೆಕ್ಕವನ್ನು ಯಾರೂ ಹಾಕುತ್ತಿರಲಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಊಟಿ 2,200 ಮೀಟರಿಗೂ ಹೆಚ್ಚು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬೊರೇಟರ್ ಕೊಡುವ ಪೆಟ್ರೋಲು ಮಾತ್ರ ಕಡಿಮೆಯಾಗುವುದಿಲ್ಲ. ಪ್ಲಗ್ ಕಪ್ಪಾಗಿ ಗಾಡಿ ಕೆಮ್ಮುತ್ತದೆ. ಮಂಗಳೂರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಬೈಕನ್ನು ಮೈಸೂರಿಗೆ ತಂದು ಪಿಕಪ್ ಇಲ್ಲ ಎಂದು ಬೇಸರಪಡುವ ಮೊದಲು ಕಾರ್ಬೊರೇಟರಿನ ಜೆಟ್ ನೋಡಿಸಬೇಕು.

ಬ್ರೇಕಿನ ವಿಚಾರ

ಹೋಲಿಕೆಯಲ್ಲಿ ಎಲ್ಲರೂ ಕೊನೆಗೆ ತರುವ ಈ ವಿಷಯ ಮೊದಲಿಗೆ ಬರಬೇಕಾದದ್ದು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿಯನ್ನು ನಿಲ್ಲಿಸಲು ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿಗೆ ಹೋಲಿಸಿದರೆ, 120ರಲ್ಲಿ ಅದು ಎರಡರಷ್ಟಲ್ಲ, ನಾಲ್ಕರಷ್ಟು. ಡ್ರಮ್ ಬ್ರೇಕು ಈ ಬಿಸಿಯನ್ನು ಒಳಗೇ ಇಟ್ಟುಕೊಳ್ಳುತ್ತದೆ, ಕಾದಂತೆ ಹಿಡಿತ ಸಡಿಲವಾಗುತ್ತದೆ. ಆರ್‌ಡಿಗೆ ಬಂದ ಕೆಟ್ಟ ಹೆಸರಿನಲ್ಲಿ ಸವಾರರ ಹುಚ್ಚಾಟದ ಪಾಲು ಎಷ್ಟೋ ಇದೆ. ಆದರೆ ಆರು ಗೇರಿನ ಓಟಕ್ಕೆ ಡ್ರಮ್ಮಿನ ಲಗಾಮು ಹಾಕಿದ ನಿರ್ಧಾರದ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಟೂ ಸ್ಟ್ರೋಕ್ ಗಾಡಿಗೆ ಇಳಿಜಾರಿನಲ್ಲಿ ಇನ್ನೂ ಒಂದು ತೊಡಕು. ಬುಲೆಟ್ಟಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ, ಜಾವಾದಲ್ಲಿ ಆ ಹಿಡಿತ ಅತ್ಯಲ್ಪ. ಹಾಗಾಗಿ ಬೆಟ್ಟದಿಂದ ಕೆಳಗಿಳಿಯುವ ಭಾರವೆಲ್ಲ ಬ್ರೇಕಿನ ಮೇಲೆ. ಜೊತೆಗೆ, ಆಯಿಲ್ ಬೆರೆಸಿದ ಪೆಟ್ರೋಲಿನಿಂದಲೇ ಪಿಸ್ಟನ್ನಿಗೆ ಜಿಡ್ಡು ಸಿಗುವ ಗಾಡಿಗಳಲ್ಲಿ, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದದ ಇಳಿಜಾರಿನಲ್ಲಿ ಜಾರಿದರೆ ಎಂಜಿನ್ ವೇಗವಾಗಿ ಸುತ್ತುತ್ತಿದ್ದರೂ ಆಯಿಲ್ ಸಿಗುವುದಿಲ್ಲ, ಪಿಸ್ಟನ್ ಸೀಜ್ ಆಗಬಹುದು. ಮೂವತ್ತಾರು ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಘಾಟಿಯಲ್ಲಿ ಮಸಿನಗುಡಿಯ ಕಡೆಗೆ ಇಳಿಯುವಾಗ ಹಳೆಯ ಸವಾರರು ಆಗಾಗ ಆಕ್ಸಿಲರೇಟರ್ ತಿರುವಿ ಗಾಡಿಗೆ ಒಂದು ಗುಟುಕು ಕುಡಿಸುತ್ತಿದ್ದುದು ಈ ಕಾರಣಕ್ಕೆ. ಆಯಿಲ್‌ಕಿಂಗ್ ಮತ್ತು ಆರ್‌ಡಿಗಳಿಗೆ ಆಯಿಲ್ಲಿಗೆಂದೇ ಬೇರೆ ಪಂಪಿದೆ. ಅದು ಅನುಕೂಲವೂ ಹೌದು, ಅಪಾಯವೂ ಹೌದು: ಪಂಪು ಕೆಟ್ಟದ್ದು ತಿಳಿಯುವ ಹೊತ್ತಿಗೆ ಪಿಸ್ಟನ್ ಹೋಗಿರುತ್ತದೆ. ಅದಕ್ಕೇ ಪಂಪು ಕಿತ್ತುಹಾಕಿ ಟ್ಯಾಂಕಿಗೇ ಲೀಟರಿಗೆ ಮೂವತ್ತು ನಲವತ್ತು ಮಿಲಿಲೀಟರ್ ಆಯಿಲ್ ಸುರಿಯುವವರು ಇದ್ದಾರೆ.

ಕಾಲಿನ ಅಭ್ಯಾಸವನ್ನೂ ಹೋಲಿಸಿ ನೋಡಬೇಕು. ಹಳೆಯ ಬುಲೆಟ್ಟಿನ ಗೇರು ಬಲಗಡೆ, ಬ್ರೇಕು ಎಡಗಡೆ. ಜಾವಾ, ಆರ್‌ಡಿ, ಆರ್‌ಎಕ್ಸ್‌ಗಳಲ್ಲಿ ಇದರ ತಿರುವುಮುರುವು. ಮನೆಯಲ್ಲಿ ಎರಡೂ ಬಗೆಯ ಗಾಡಿ ಇಟ್ಟುಕೊಂಡವರು ಹಠಾತ್ತನೆ ನಾಯಿ ಅಡ್ಡ ಬಂದಾಗ ಬ್ರೇಕೆಂದು ಗೇರನ್ನು ತುಳಿಯುವುದುಂಟು.

ಯಾರು ರಿಪೇರಿ ಮಾಡುತ್ತಾರೆ?

ಮೈಸೂರಿನಲ್ಲಿ ಯೆಜ್ಡಿ ಗೆದ್ದದ್ದು ಓಟದಲ್ಲಲ್ಲ, ಈ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಊರಿನ ಗಾಡಿಯೆಂಬ ಮಮತೆ ಒಂದು ಕಡೆಗಿರಲಿ. ಕಾರ್ಖಾನೆ ಊರಲ್ಲೇ ಇದ್ದುದರಿಂದ ಅಲ್ಲಿ ದುಡಿದವರು, ಅವರ ಅಣ್ಣತಮ್ಮಂದಿರು, ಅವರ ಬಳಿ ಕೆಲಸ ಕಲಿತವರು ಬೀದಿಬೀದಿಯಲ್ಲಿ ಇದ್ದರು. ಆರ್‌ಡಿಯ ಎರಡು ಕಾರ್ಬೊರೇಟರ್‌ಗಳನ್ನು ಒಂದೇ ತಾಳಕ್ಕೆ ತರಬಲ್ಲ ಕೈಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಜಾವಾದ ಪಾಯಿಂಟ್ ಸೆಟ್ ಮಾಡಬಲ್ಲವರು ಬೇಕಾದಷ್ಟು. ಗಾಡಿಯ ಹಿರಿಮೆಯ ಒಂದು ಭಾಗ ಅದರ ಸುತ್ತಲಿನ ಜನರಲ್ಲಿದೆ ಎಂಬುದು ಯಾವ ತಾಂತ್ರಿಕ ಪಟ್ಟಿಯಲ್ಲೂ ಬರುವುದಿಲ್ಲ.

ಈ ಕೌಶಲದ ವಾತಾವರಣ ಬೇರೆ ಫಲವನ್ನೂ ಕೊಟ್ಟಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯಲ್ಲಿ, ಮದ್ರಾಸಿನ ಹತ್ತಿರದ ಶೋಳಾವರಂ ವಿಮಾನಪಟ್ಟಿಯ ಓಟಗಳಲ್ಲಿ ಜಾವಾ, ಯೆಜ್ಡಿಗಳು ಪರಿಚಿತ ಮುಖಗಳು. ಎಂಜಿನ್ನಿನ ಹೆಡ್ಡಿನ ಒಳಮೈಯಲ್ಲಿ ಸಣ್ಣ ಕಾಲುವೆಗಳನ್ನು ಕೊರೆದು ಇಂಧನ ಚೆನ್ನಾಗಿ ಉರಿಯುವಂತೆ ಮಾಡುವ ತಮ್ಮ ಕಲ್ಪನೆಗೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಸೋಮೇಂದರ್ ಸಿಂಗ್ ಕೂಡ ಮೈಸೂರಿನವರೇ.

ಹಳೆಯ ಗಾಡಿಯ ಮುಂದೆ ನಿಂತಾಗ

ಇಂದು ಮಾರಾಟಕ್ಕಿರುವ ರೋಡ್‌ಕಿಂಗ್‌ಗೆ ಕನಿಷ್ಠ ಮೂವತ್ತು ವರ್ಷ. ಆದ್ದರಿಂದ ಈಗಿನ ಹೋಲಿಕೆ ಮಾದರಿ ಮಾದರಿಗಳ ನಡುವಿನದಲ್ಲ, ಈ ಗಾಡಿ ಮತ್ತು ಆ ಗಾಡಿಯ ನಡುವಿನದು. ಕೆಟ್ಟದಾಗಿ ಬಾಳಿದ ಆರ್‌ಡಿಗಿಂತ ಚೆನ್ನಾಗಿ ಬಾಳಿದ ಜಾವಾ ವೇಗವಾಗಿಯೇ ಓಡುತ್ತದೆ.

ಗಾಡಿ ನೋಡಲು ಹೋಗುವಾಗ ಮೊದಲೇ ಹೇಳಿಡಬೇಕಾದದ್ದು ಒಂದೇ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಬಿಸಿ ಎಂಜಿನ್ ಹಲವು ರೋಗಗಳನ್ನು ಮುಚ್ಚಿಡುತ್ತದೆ. ತಣ್ಣಗಿರುವ ಟೂ ಸ್ಟ್ರೋಕ್ ಗಾಡಿ ಎರಡು ಮೂರು ಕಿಕ್ಕಿಗೆ ಎದ್ದರೆ ಕಂಪ್ರೆಷನ್ ಸರಿಯಿದೆ ಎಂದರ್ಥ. ಕಿಕ್ ಕಾಲಿಗೆ ಸಡಿಲ ಎನಿಸಿದರೆ ಬೋರ್ ಸವೆದಿರಬಹುದು. ಆಗ ಕೇಳಬೇಕಾದ ಪ್ರಶ್ನೆ, ಎಷ್ಟನೇ ಸೈಜಿನ ಬೋರಿನಲ್ಲಿದೆ ಎಂಬುದು. ಕೊನೆಯ ಸೈಜಿಗೆ ಬಂದ ಸಿಲಿಂಡರಿಗೆ ಇನ್ನು ಸ್ಲೀವ್ ಹಾಕಿಸುವುದೇ ಗತಿ. ಶುರುವಿನಲ್ಲಿ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ದಟ್ಟವಾಗಿ ಬಂದರೆ ಕ್ರ್ಯಾಂಕಿನ ಒಂದು ಕಡೆಯ ಸೀಲು ಹೋಗಿ ಗೇರ್‌ಬಾಕ್ಸಿನ ಆಯಿಲ್ ಒಳಕ್ಕೆ ಎಳೆಯುತ್ತಿದೆ ಎಂದು ಸಂಶಯಿಸಬೇಕು. ಇನ್ನೊಂದು ಕಡೆಯ ಸೀಲು ಹೋಗಿದ್ದರೆ ಹೊಗೆ ಇರದು, ಬದಲಿಗೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೆಳಗಿಳಿಯದೆ ಏರುದನಿಯಲ್ಲೇ ಓಡುತ್ತದೆ. ಇದೇ ಹೆಚ್ಚು ಅಪಾಯದ್ದು, ಏಕೆಂದರೆ ಒಳಹೊಕ್ಕ ಹೆಚ್ಚುವರಿ ಗಾಳಿ ಪಿಸ್ಟನ್ನನ್ನು ಸುಡುತ್ತದೆ. ಇದನ್ನು ಅರಿಯದೆ ಕಾರ್ಬೊರೇಟರ್ ಬದಲಾಯಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಪೇಂಟು, ಕ್ರೋಮಿಗೆ ಮರುಳಾಗುವವರೇ ಹೆಚ್ಚು. ಹೊಳೆಯುವ ಟ್ಯಾಂಕಿಗಿಂತ ಮೊದಲಿನ ಬಣ್ಣ ಮಾಸಿದ ಟ್ಯಾಂಕೇ ಮೇಲು, ಅದರ ಮೇಲಿನ ಗೆರೆಗಳು ಸುಳ್ಳು ಹೇಳುವುದಿಲ್ಲ. ಹೊಸದಾಗಿ ಎರಕ ಹೊಯ್ದ ಬಿಡಿಭಾಗಗಳು ಈಗ ಧಾರಾಳವಾಗಿ ಸಿಗುತ್ತವೆ, ಗುಣ ಮಾತ್ರ ಒಂದೊಂದರದು ಒಂದೊಂದು ಬಗೆ. ನಾಲ್ಕು ಗಾಡಿಗಳ ಭಾಗ ಸೇರಿಸಿ ಕಟ್ಟಿದ ಒಂದು ಗಾಡಿಯೂ ಚೆನ್ನಾಗಿ ಓಡಬಹುದು. ಬೆಲೆ ಕೊಡುವಾಗ ಮಾತ್ರ ಅದು ನಾಲ್ಕು ಗಾಡಿಗಳದ್ದೆಂದು ತಿಳಿದಿರಬೇಕು.

ಪರೀಕ್ಷಾ ಸವಾರಿಗೆ ಚಾಮುಂಡಿ ಬೆಟ್ಟದ ರಸ್ತೆಗಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. ಬೆಟ್ಟದ ನೆತ್ತಿ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಹತ್ತುವಾಗ ಎರಡನೇ ಗೇರ್ ಎಗರುತ್ತದೆಯೇ, ಕ್ಲಚ್ ಜಾರುತ್ತದೆಯೇ ತಿಳಿಯುತ್ತದೆ. ಮೇಲೆ ನಿಲ್ಲಿಸಿ ಬಿಸಿ ಎಂಜಿನ್ ಮತ್ತೆ ಒಂದೇ ಕಿಕ್ಕಿಗೆ ಏಳುತ್ತದೆಯೇ ನೋಡಬಹುದು. ಇಳಿಯುವಾಗ ಬ್ರೇಕಿನ ಕಥೆ ತಾನಾಗಿಯೇ ಹೊರಬೀಳುತ್ತದೆ. ಬೆಂಗಳೂರಿನ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಪರೀಕ್ಷಿಸೋಣವೆಂದರೆ, 2023ರ ಆಗಸ್ಟ್‌ನಿಂದ ಅದರ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲ. ಊಟಿ ದಾರಿ ಹಿಡಿಯುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಗೇಟು ಮುಚ್ಚಿರುತ್ತದೆಂಬುದನ್ನು ನೆನಪಿಡಬೇಕು.

ಮತ್ತೆ ಬಂದ ಹೆಸರುಗಳು

ಮಹೀಂದ್ರಾ ಸಂಸ್ಥೆ ದೊಡ್ಡ ಪಾಲು ಹೊಂದಿರುವ ಕ್ಲಾಸಿಕ್ ಲೆಜೆಂಡ್ಸ್ 2018ರ ನವೆಂಬರ್‌ನಲ್ಲಿ ಜಾವಾ ಹೆಸರನ್ನೂ 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ರಸ್ತೆಗೆ ತಂದಿತು. ಇವು ತಯಾರಾಗುವುದು ಯಾದವಗಿರಿಯಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. 2018ರ ಜಾವಾದ್ದು 293 ಸಿ.ಸಿ., ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್, 27 ಅಶ್ವಶಕ್ತಿ, ಮುಂದೆ ಡಿಸ್ಕ್ ಬ್ರೇಕ್. ಶಕ್ತಿಯಲ್ಲಿ ಆರ್‌ಡಿಯ ಲೋ ಟಾರ್ಕ್ ಮಾದರಿಗೆ ಸಮ, ನಿಲ್ಲುವುದರಲ್ಲಿ ಅದಕ್ಕಿಂತ ಎಷ್ಟೋ ಮೇಲು. ಎರಡು ಸೈಲೆನ್ಸರುಗಳನ್ನು ಇದರಲ್ಲೂ ಉಳಿಸಿಕೊಂಡರು. ದಿನಾ ಓಡಿಸಲು ಬೈಕು ಬೇಕೆನ್ನುವವರಿಗೆ ಹಳೆಯದಕ್ಕಿಂತ ಇದೇ ಸರಿ. ಹಳೆಯ ಜಾವಾದ ಆ ಡುಗು ಡುಗು ಸದ್ದಿಗಾಗಿ ಕೊಳ್ಳುವವರು ಮಾತ್ರ ನಿರಾಶರಾದಾರು, ಫೋರ್ ಸ್ಟ್ರೋಕ್ ಎಂಜಿನ್ನಿನ ಗಂಟಲೇ ಬೇರೆ.

ದಾಖಲೆಗಳು

ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಳೆಯ ಜಾವಾಗಳಲ್ಲಿ ಹಲವು ಈ ಮೆಟ್ಟಿಲಿನಲ್ಲೇ ಎಡವುತ್ತವೆ. ಮೂರಕ್ಷರದ ಹಳೆಯ ನಂಬರಿನ ಗಾಡಿಯಾದರೆ ಅದರ ವಿವರ ಕಂಪ್ಯೂಟರಿನಲ್ಲಿದೆಯೇ ಎಂದು ಮೊದಲೇ ನೋಡುವುದು ಒಳ್ಳೆಯದು. ಮೈಸೂರಿನಲ್ಲಿ ಪಶ್ಚಿಮದ ಕೆಎ 09 ಮತ್ತು ಪೂರ್ವದ ಕೆಎ 55 ಎಂಬ ಎರಡು ಕಚೇರಿಗಳಿವೆ. ಮಾರಾಟಕ್ಕೆ 29 ಮತ್ತು 30ನೇ ನಮೂನೆ, ಬೇರೆ ಕಚೇರಿಯ ವ್ಯಾಪ್ತಿಯಿಂದ ತರುವುದಾದರೆ 28ನೇ ನಮೂನೆಯ ಎನ್‌ಒಸಿ ಬೇಕು. ಚಾಸಿಸ್ ನಂಬರನ್ನೂ ಎಂಜಿನ್ ನಂಬರನ್ನೂ ಆರ್‌ಸಿಯೊಡನೆ ಸ್ವತಃ ಬಗ್ಗಿ ಹೋಲಿಸಿ ನೋಡದೆ ಮುಂಗಡ ಕೊಡಬಾರದು.

ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಸಿಗುತ್ತದೆ. 1960ರ ದಶಕದ ಜಾವಾಗಳು ಈ ಸಾಲಿಗೆ ಸೇರಿವೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000. ಇಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ದುರಸ್ತಿ ಇಂಥವಕ್ಕೆ ಹೊರತೆಗೆಯಬಹುದು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಅಂದು ಈ ಗಾಡಿಗಳವರು ಒಂದೆಡೆ ಸೇರುತ್ತಾರೆ. ಕೊಳ್ಳುವ ಯೋಚನೆಯಲ್ಲಿರುವವರು ಪರ್ಸು ಮನೆಯಲ್ಲಿಟ್ಟು ಹೋಗಿ, ಹತ್ತಾರು ಎಂಜಿನ್ನುಗಳ ಸದ್ದನ್ನು ಒಂದರ ಪಕ್ಕ ಒಂದಿಟ್ಟು ಕೇಳಲು ಅದು ತಕ್ಕ ದಿನ.